ಬೀಸೋಕಲ್ಲಿನ ಲಯ, ಹಳೇ ಲ್ಯಾಪ್‌ಟಾಪ್: ಮನೆ ಸ್ಟುಡಿಯೊಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಆರಿಸಿದ ಒಂದು ಪ್ರಕರಣ

ನಮ್ಮ ಸೋದರತ್ತೆಗೆ ಈಗ 74 ವರ್ಷ. ಅವರನ್ನು ಕೊಟ್ಟ ಊರು ಹೊಳಲ್ಕೆರೆ ಕಡೆಯ ಒಂದು ಹಳ್ಳಿ. ಈಗ ವರ್ಷದಲ್ಲಿ ಆರು ತಿಂಗಳು ದಾವಣಗೆರೆಯಲ್ಲಿ ಮಗನ ಮನೆಯಲ್ಲಿರುತ್ತಾರೆ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅತ್ತೆಗೆ ಮಾತ್ರ ಇದೂ ಇನ್ನೂ ದುರ್ಗದ ಜಿಲ್ಲೆಯೇ.

ಸೋಬಾನೆ ಪದ, ಅರಿಶಿನ ಹಚ್ಚುವ ಪದ, ತೊಟ್ಟಿಲ ಪದ, ಬೀಸೋ ಪದ ಎಲ್ಲಾ ಅವರ ಬಾಯಲ್ಲೇ ಇವೆ. ಒಂದೂ ಬರೆದಿಟ್ಟಿಲ್ಲ. ಅವರ ಜೊತೆ ಸೊಲ್ಲು ಹಿಡಿಯೋಕೆ ಇಬ್ಬರು ಇದ್ದಾರೆ. ಒಬ್ಬರು ಅವರ ವಾರಗಿತ್ತಿ, ಇನ್ನೊಬ್ಬರು ಅದೇ ಊರಿನಿಂದ ಬಂದು ಇಲ್ಲಿ ಮಗಳ ಮನೆಯಲ್ಲಿರುವವರು. ಮೂವರೂ ಒಟ್ಟಿಗೆ ಕೂತರೆ ಮಾತ್ರ ಪದ ಬರುತ್ತದೆ. ಒಬ್ಬರೇ ಕೂತರೆ ನಾಲ್ಕನೇ ನುಡಿಗೆ ನಿಂತುಹೋಗುತ್ತದೆ. ಮೂವರೂ ಎಪ್ಪತ್ತು ದಾಟಿದವರು. ಆದ್ದರಿಂದ ಇದನ್ನು ಇನ್ನು ಮುಂದೂಡಬಾರದು ಅಂತ ಕಳೆದ ವರ್ಷ ನಿರ್ಧಾರ ಮಾಡಿದೆ.

ಮನೆಯಲ್ಲಿ ನನ್ನ ಹತ್ತಿರ ಇದ್ದದ್ದು ಇಷ್ಟು. ಮಹಡಿ ಮೇಲೆ ಹತ್ತಕ್ಕೆ ಹನ್ನೆರಡು ಅಡಿಯ ಒಂದು ರೂಮು. ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ. ಸ್ಟೇಜಿನಲ್ಲಿ ಹಾಡೋಕೆ ಬಳಸುವ ಎರಡು ಡೈನಮಿಕ್ ಮೈಕು. ಒಂದು ಹೆಡ್‌ಫೋನ್. ಭಜನೆಗೆ, ಶಾಲೆಯ ನಾಟಕಕ್ಕೆ ಚಿಕ್ಕಪುಟ್ಟ ರೆಕಾರ್ಡಿಂಗ್ ಮಾಡಿ ಅಭ್ಯಾಸವಿತ್ತು. ಕೊರತೆ ಇದ್ದದ್ದು ಸಾಫ್ಟ್‌ವೇರ್ ಯಾವುದು ಅನ್ನುವ ವಿಷಯದಲ್ಲಿ. ಆ ಆಯ್ಕೆಗೆ ಒಂದೂವರೆ ತಿಂಗಳು ಹಿಡಿಯಿತು. ನಿಮ್ಮ ಮನೆಯಲ್ಲೂ ಇಂಥ ಅತ್ತೆ, ಅಜ್ಜಿ ಇದ್ದರೆ ಆ ಒಂದೂವರೆ ತಿಂಗಳು ನಿಮಗೆ ಉಳಿಯಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಮೊದಲ ಸಲ ಕೈತಪ್ಪಿದ್ದು

ಸಂಕ್ರಾಂತಿಯ ಮಾರನೇ ದಿನ ಮೂವರನ್ನೂ ಕೂರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಇತ್ತು. 2000ರಿಂದ ಇರುವ ಉಚಿತ ಸಾಫ್ಟ್‌ವೇರ್. ಬಹಳ ಜನ ಧ್ವನಿಮುದ್ರಣ ಕಲಿಯೋದೇ ಅದರಲ್ಲಿ, ನಾನೂ ಹಾಗೇ ಕಲಿತವನು. ಅವತ್ತು ಎರಡು ಸೋಬಾನೆ ಪದ ಬಹಳ ಚೆನ್ನಾಗಿ ಬಂದವು. ಅದರಲ್ಲಿ ಒಂದು, ಮದುಮಗಳನ್ನು ಹಸೆಗೆ ಕರೆಯುವ ಪದ, ಹದಿನೆಂಟು ನುಡಿ. ಅಷ್ಟು ನುಡಿ ಅವರ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಿನ್ನೆಲೆಯಲ್ಲಿ ಒಂದು ಗುಂಯ್ ಅನ್ನುವ ಸದ್ದಿತ್ತು. ರಾತ್ರಿ ಕೂತು ಅದನ್ನು ಕಳೆಯುವ ನಾಯ್ಸ್ ರಿಡಕ್ಷನ್ ಹಾಕಿದೆ. ಸ್ವಲ್ಪ ಜಾಸ್ತಿಯೇ ಹಾಕಿದೆ. ಹೆಡ್‌ಫೋನ್‌ನಲ್ಲಿ ಸದ್ದೇ ಇಲ್ಲದ ಹಾಗೆ ಆಯಿತು, ಖುಷಿಯಾಯಿತು. ಸೇವ್ ಮಾಡಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಕೇಳಿದರೆ ಅತ್ತೆಯ ದನಿ ನೀರೊಳಗಿಂದ ಬಂದ ಹಾಗಿದೆ. ಸಾಲಿನ ಕೊನೆಯಲ್ಲಿ ಅವರು ದನಿಯನ್ನು ಮೆಲ್ಲಗೆ ಬಿಡುವುದಿದೆಯಲ್ಲ, ಆ ಬಿಡುವಿಕೆ ಪೂರ್ತಿ ಮಾಯ. ಸದ್ದಿನ ಜೊತೆಗೆ ಅದೂ ಹೋಗಿತ್ತು.

ಆಡಾಸಿಟಿಯಲ್ಲಿ ಈ ನಾಯ್ಸ್ ರಿಡಕ್ಷನ್ ಧ್ವನಿಯ ಅಲೆಯನ್ನೇ ಬದಲಿಸಿ ಬರೆಯುತ್ತದೆ. ಪ್ರಾಜೆಕ್ಟ್ ತೆರೆದಿರುವ ತನಕ ಅನ್‌ಡೂ ಮಾಡಬಹುದು. ಮುಚ್ಚಿದ ಮೇಲೆ ಆ ದಾರಿ ಇಲ್ಲ. ಇದು ಗೊತ್ತಿದ್ದೂ ನಾನು ಮೂಲ ಧ್ವನಿಯ ಒಂದು ಪ್ರತಿ ಬೇರೆ ಇಟ್ಟಿರಲಿಲ್ಲ. ತಪ್ಪು ನನ್ನದೇ. ಆಮೇಲೆ ಅದೇ ಪದವನ್ನು ಅತ್ತೆ ಮೂರು ಸಲ ಹಾಡಿದ್ದಾರೆ. ಹದಿನಾರು ನುಡಿಗಿಂತ ಜಾಸ್ತಿ ಬಂದಿಲ್ಲ. ಆ ಎರಡು ನುಡಿ ಆ ಹಾಳಾದ ಫೈಲಿನಲ್ಲಿ ಮಾತ್ರ ಇವೆ. ಮಾತು ಪೂರ್ತಿ ತಿಳಿಯುವುದಿಲ್ಲ.

ಇದಾದ ಮೇಲೆ ನನಗೆ ಬೇಕಾದ್ದು ಏನು ಅಂತ ಸ್ಪಷ್ಟವಾಯಿತು. ನಾನು ಏನೇ ಮಾಡಿದರೂ ಮೂಲ ಧ್ವನಿಗೆ ಕೈ ತಾಗಬಾರದು. ಎಷ್ಟು ದಿನ ಬಿಟ್ಟು ಬಂದರೂ ಹಿಂದಕ್ಕೆ ಹೋಗೋಕೆ ಆಗಬೇಕು.

ಬೇಕಾದ್ದು ಏನು ಅಂತ ಬರೆದುಕೊಂಡೆ

ಸಾಫ್ಟ್‌ವೇರ್ ಆರಿಸುವ ಮುಂಚೆ ಮೂವರೂ ಹಾಡುವುದನ್ನು ಎರಡು ದಿನ ಸುಮ್ನೆ ಕೂತು ಕೇಳಿದೆ. ಇದೇ ದೊಡ್ಡ ಉಪಯೋಗಕ್ಕೆ ಬಂತು.

ಅತ್ತೆ ಸಾಲು ಎತ್ತುತ್ತಾರೆ. ಸಾಲು ಮುಗಿಯುವ ಮುಂಚೆಯೇ ಉಳಿದಿಬ್ಬರು ಸೊಲ್ಲು ಹಿಡಿಯುತ್ತಾರೆ. ಅವರ ಸೊಲ್ಲು ಮುಗಿಯುವ ಮುಂಚೆ ಅತ್ತೆ ಮುಂದಿನ ಸಾಲಿಗೆ ಉಸಿರು ತಗೊಂಡಿರುತ್ತಾರೆ. ಒಂದರ ಮೇಲೊಂದು ಬೀಳುತ್ತದೆ. ಸಿನಿಮಾ ಹಾಡಿನ ಹಾಗೆ ಒಬ್ಬೊಬ್ಬರದ್ದೇ ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಿದರೆ ಈ ಹೆಣಿಗೆ ಬರುವುದಿಲ್ಲ. ಹಾಗಾಗಿ ಎರಡು ಮೈಕು ಒಂದೇ ಹೊತ್ತಿಗೆ, ಎರಡು ಬೇರೆ ಟ್ರ್ಯಾಕಿಗೆ ಹೋಗಬೇಕು. ಆಮೇಲೆ ಒಂದನ್ನು ಕತ್ತರಿಸಿದರೆ ಇನ್ನೊಂದೂ ಅದೇ ಜಾಗದಲ್ಲಿ ಕತ್ತರಿಸಬೇಕು. ಒಂದು ಕೂದಲೆಳೆ ಸರಿದರೂ ದನಿ ಟೊಳ್ಳಾಗಿ ಕೇಳುತ್ತದೆ.

ಇನ್ನೊಂದು, ಅವರು ತಾಳ ಹಿಡಿದು ಹಾಡುವವರಲ್ಲ. ಮೊದಲ ನುಡಿ ನಿಧಾನ, ಐದಾರು ನುಡಿ ಆದ ಮೇಲೆ ಬಿರುಸು. ಶ್ರುತಿಯೂ ಮೆಲ್ಲಗೆ ಏರುತ್ತದೆ. ಒಂದು ಪದದಲ್ಲಿ ಮೊದಲ ನುಡಿಗೂ ಕೊನೆಯ ನುಡಿಗೂ ಹೆಚ್ಚು ಕಡಿಮೆ ಅರ್ಧ ಸ್ವರದ ವ್ಯತ್ಯಾಸ ಇತ್ತು. ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಹಾಕಿ ಇವರನ್ನು ಹಾಡಿಸೋಕೆ ಆಗುವುದಿಲ್ಲ, ಹಾಡಿಸಲೂಬಾರದು.

ಒಂದೇ ಪದವನ್ನು ಮೂರು ನಾಲ್ಕು ಸಲ ಹಾಡಿಸಬೇಕಾಗುತ್ತದೆ. ಒಂದರಲ್ಲಿ ನುಡಿ ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ದನಿ ಚೆನ್ನಾಗಿರುತ್ತದೆ. ಅವನ್ನೆಲ್ಲ ಒಂದರ ಕೆಳಗೆ ಒಂದು ಇಟ್ಟು ಹೋಲಿಸಲು ಬರಬೇಕು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಡೆಯಬೇಕು. ಮಹಡಿ ರೂಮಿನಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ, ಅದಿಲ್ಲದೆಯೂ ತೆರೆಯಬೇಕು. ಇಪ್ಪತ್ತು ವರ್ಷ ಆದ ಮೇಲೆ ನನ್ನ ಮಕ್ಕಳು ಈ ಫೈಲು ತೆಗೆದರೆ ಧ್ವನಿ ಬರಬೇಕು.

ಈ ಪಟ್ಟಿಯಲ್ಲಿ ಏನಿಲ್ಲ ನೋಡಿ. ಡ್ರಮ್ ಸ್ಯಾಂಪಲ್ ಇಲ್ಲ, ಸಿಂಥ್ ಇಲ್ಲ, ನೂರಾರು ಇನ್‌ಸ್ಟ್ರುಮೆಂಟ್ ಇಲ್ಲ. ಸಾಫ್ಟ್‌ವೇರ್‌ಗಳ ಜಾಹೀರಾತಿನಲ್ಲಿ ಅರ್ಧಕ್ಕರ್ಧ ಇರುವುದು ಇವೇ ಅಲ್ವಾ? ನಮಗೆ ಅವುಗಳಿಂದ ಕೆಲಸವಿರಲಿಲ್ಲ.

ನೋಡಿದ ಸಾಫ್ಟ್‌ವೇರ್‌ಗಳು

ಊರಿನಲ್ಲಿ ಮೈಕು, ಸ್ಪೀಕರ್ ಗೊತ್ತಿರುವವರಿಗೆ ಬರವಿಲ್ಲ. ಕಂಪನಿ ನಾಟಕದ ಊರಿದು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದೇ. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಒಬ್ಬ ಹಿರಿಯರನ್ನು ಕೇಳಿದೆ. ಮೈಕು ಎಲ್ಲಿಡಬೇಕು ಅಂತ ಬಹಳ ಚೆನ್ನಾಗಿ ಹೇಳಿಕೊಟ್ಟರು. ಸಾಫ್ಟ್‌ವೇರ್ ವಿಷಯ ಬಂದಾಗ, ಅದು ನಮ್ಮ ಹುಡುಗರನ್ನು ಕೇಳಿ ಅಂದರು.

ನಮ್ಮ ಹುಡುಗ ಅಂದರೆ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಕೀಬೋರ್ಡ್ ನುಡಿಸುತ್ತಾನೆ. ಅವನು ಒಂದೇ ಮಾತು ಹೇಳಿದ: "ಮಾವ, ಎಫ್‌ಎಲ್ ಸ್ಟುಡಿಯೊ ತಗೊಳ್ಳಿ. ಅತ್ತಜ್ಜಿ ಹಾಡಿಗೆ ಕೆಳಗೆ ಒಂದು ಬೀಟ್ ಹಾಕಿದ್ರೆ ಹುಡುಗ್ರೂ ಕೇಳ್ತಾರೆ."

ಅವನ ಮಾತನ್ನು ತಳ್ಳಿಹಾಕಲಿಲ್ಲ. ಎಫ್‌ಎಲ್ ಸ್ಟುಡಿಯೊ ಒಳ್ಳೆಯ ಸಾಫ್ಟ್‌ವೇರ್. 1997ರಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಿನಲ್ಲಿ ಬಂದದ್ದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಬೀಟ್ ಕಟ್ಟುವವರಿಗೆ ಅದರಷ್ಟು ಸಲೀಸಾದ್ದು ಕಡಿಮೆ. ನಮ್ಮ ಕೆಲಸಕ್ಕೆ ಎರಡು ತೊಡಕಿದ್ದವು. ಎಲ್ಲಕ್ಕಿಂತ ಕಡಿಮೆ ಬೆಲೆಯ ಫ್ರೂಟಿ ಎಡಿಷನ್‌ನಲ್ಲಿ ಮೈಕಿನಿಂದ ಧ್ವನಿ ರೆಕಾರ್ಡ್ ಮಾಡಿ ಕೆಲಸ ಮಾಡಲು ಬರುವುದಿಲ್ಲ. ಅದಕ್ಕೆ ಮೇಲಿನ ಎಡಿಷನ್ ಬೇಕು, ಬೆಲೆ ಏರುತ್ತದೆ. ಟ್ರಯಲ್‌ನಲ್ಲಿ ಎಲ್ಲಾ ಮಾಡಬಹುದು, ಆದರೆ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಆಗುವುದಿಲ್ಲ. ಇನ್ನೂ ಮುಖ್ಯವಾದದ್ದು ಅದರ ಜಾಯಮಾನ. ತೆರೆದ ಕೂಡಲೇ ಮನೆಮನೆಯಾಗಿ ಭಾಗ ಮಾಡಿದ ಪ್ಯಾಟರ್ನ್ ಕಣ್ಣಿಗೆ ಬೀಳುತ್ತದೆ. ಆ ಮನೆಗಳಲ್ಲಿ ಸ್ವರ ಇಟ್ಟು ಹಾಡು ಕಟ್ಟಬೇಕು. ನಮ್ಮ ಹಾಡು ಆಗಲೇ ಕಟ್ಟಿದ್ದು, ಯಾರೋ ಎಷ್ಟೋ ತಲೆಮಾರಿನ ಹಿಂದೆ ಕಟ್ಟಿದ್ದು.

ಕೇಕ್‌ವಾಕ್ ಬಗ್ಗೆ ಅಳಿಯನ ಗೆಳೆಯ ಹೇಳಿದ. ವಿಂಡೋಸ್‌ನಲ್ಲಿ ಬಹಳ ಹಳೆಯದು. ಅದನ್ನು ನಡೆಸುತ್ತಿದ್ದ ಗಿಬ್ಸನ್ 2017ರ ಕೊನೆಯಲ್ಲಿ ಕೈಬಿಟ್ಟಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಉಚಿತವಾಗಿ ಕೊಟ್ಟಿತು. ಆಮೇಲೆ ಸೋನಾರ್ ಅನ್ನುವ ಹೆಸರಿನ ಹೊಸ ಆವೃತ್ತಿ ಬಂತು. ಎರಡು ದಿನ ಬಳಸಿದೆ. ಬೇಕಾದ್ದೆಲ್ಲ ಇದೆ, ದೊಡ್ಡ ಸ್ಟುಡಿಯೊದ ಸಾಮರ್ಥ್ಯವೇ ಇದೆ. ಆದರೆ ಖಾತೆ ತೆರೆದು ಲಾಗಿನ್ ಆಗಬೇಕು, ಆಗಾಗ ಇಂಟರ್ನೆಟ್‌ನಲ್ಲಿ ಆಕ್ಟಿವೇಷನ್ ಮಾಡಬೇಕು. ನಮ್ಮ ಮಹಡಿ ರೂಮಿಗೆ ಅದು ಹೊಂದಲಿಲ್ಲ. ಒಳ್ಳೆಯ ಲ್ಯಾಪ್‌ಟಾಪ್, ಒಳ್ಳೆಯ ಇಂಟರ್ನೆಟ್ ಇದ್ದವರು ಅದನ್ನು ಖಂಡಿತ ನೋಡಬೇಕು.

ಗ್ಯಾರೇಜ್‌ಬ್ಯಾಂಡ್ ಆಪಲ್ ಕಂಪ್ಯೂಟರಿಗೆ, ಫೋನಿಗೆ ಮಾತ್ರ. ನಮ್ಮ ಮನೆಯಲ್ಲಿ ಇಲ್ಲ. ಪ್ರೊ ಟೂಲ್ಸ್‌ನ ಉಚಿತ ಆವೃತ್ತಿಯಲ್ಲಿ 8 ಆಡಿಯೊ ಟ್ರ್ಯಾಕ್ ಸಿಗುತ್ತವೆ, ನಮಗೆ ಅಷ್ಟು ಸಾಕಿತ್ತು. ನನ್ನ ಲ್ಯಾಪ್‌ಟಾಪ್ ಅದನ್ನು ಎಳೆಯಲಿಲ್ಲ.

ಫೋನಿನಲ್ಲೇ ರೆಕಾರ್ಡ್ ಮಾಡಬಹುದಲ್ಲ ಅಂತ ಎಲ್ಲರೂ ಕೇಳಿದರು. ಮಾಡಬಹುದು. ಏನೂ ಇಲ್ಲದಿದ್ದರೆ ಫೋನೇ ಚಿನ್ನ. ಆದರೆ ಎರಡು ವರ್ಷದ ಹಿಂದೆ ಫೋನಿನಲ್ಲಿ ಮಾಡಿದ್ದು ನಮ್ಮ ಹತ್ತಿರ ಇತ್ತು. ಸೊಲ್ಲು ಜೋರಾಗಿ ಬಂದ ಕಡೆ ಫೋನು ತಾನೇ ಧ್ವನಿ ತಗ್ಗಿಸಿದೆ. ಮೆಲ್ಲಗಿದ್ದ ಕಡೆ ಏರಿಸಿದೆ. ಹಾಡಿನ ಏರಿಳಿತವೇ ಸಪಾಟಾಗಿದೆ.

ಕೊನೆಗೆ ರೀಪರ್. ಇದನ್ನು ಶುರು ಮಾಡಿದವರು ಜಸ್ಟಿನ್ ಫ್ರಾಂಕೆಲ್. ಸೈಬರ್ ಕೆಫೆ ಕಾಲದವರಿಗೆ ವಿನ್‌ಆ್ಯಂಪ್ ನೆನಪಿರಬಹುದು, ಅದನ್ನು ಮಾಡಿದ್ದೂ ಇವರೇ. ಇಳಿಸಿಕೊಳ್ಳುವ ಫೈಲು ಹದಿನೈದಿಪ್ಪತ್ತು ಎಂಬಿ. ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ಸೆಕೆಂಡಿಗೆ ತೆರೆಯಿತು. 60 ದಿನ ಪೂರ್ತಿ ಬಳಸಬಹುದು, ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಆಮೇಲೆ ಲೈಸೆನ್ಸ್ 60 ಡಾಲರ್. ಸ್ವಂತಕ್ಕೆ ಬಳಸುವವರಿಗೆ, ಅದರಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಕಡಿಮೆ ದುಡಿಯುವವರಿಗೆ ಈ ಬೆಲೆ. ದೊಡ್ಡ ವ್ಯಾಪಾರದವರಿಗೆ 225 ಡಾಲರ್. ಎರಡರಲ್ಲೂ ಸಾಫ್ಟ್‌ವೇರ್ ಒಂದೇ.

ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟಿದ್ದೆ. ಎರಡು ಮೈಕಿನಲ್ಲಿ ನಾಲ್ಕು ನಿಮಿಷದ ಒಂದು ಪದ, ಮೂರು ಸಲ. ಮೂರರಲ್ಲಿ ಒಳ್ಳೆಯ ನುಡಿಗಳನ್ನು ಆರಿಸಿ ಒಂದು ಮಾಡಬೇಕು. ಏನಾದರೂ ಒಂದು ಎಫೆಕ್ಟ್ ಹಾಕಬೇಕು. ಮುಚ್ಚಿ, ಮಾರನೇ ದಿನ ತೆರೆದು, ಎಲ್ಲವನ್ನೂ ವಾಪಸ್ ತೆಗೆದು ಮೂಲಕ್ಕೆ ಬರಬೇಕು.

ರೀಪರ್‌ನಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ರೆಕಾರ್ಡ್ ಮಾಡಿದರೆ ಹಳೆಯದು ಅಳಿಸುವುದಿಲ್ಲ. ಟೇಕ್ ಆಗಿ, ಅಂದರೆ ಒಂದೊಂದು ಸಲದ್ದೂ ಬೇರೆ ಪದರವಾಗಿ, ಕೆಳಗೆ ಕೂರುತ್ತದೆ. ಎರಡೂ ಮೈಕಿನ ತುಂಡುಗಳನ್ನು ಹಿಡಿದು ಜಿ ಒತ್ತಿದರೆ ಗುಂಪಾಗುತ್ತವೆ. ಆಮೇಲೆ ಎಸ್ ಒತ್ತಿ ಒಂದನ್ನು ಕತ್ತರಿಸಿದರೆ ಇನ್ನೊಂದೂ ಅಲ್ಲೇ ಕತ್ತರಿಸುತ್ತದೆ. ಎಫೆಕ್ಟ್ ಎಲ್ಲಾ ಕೇಳಿಸುವಾಗ ಮೇಲೆ ಹೊದಿಸಿದ ಹಾಗೆ ಕೆಲಸ ಮಾಡುತ್ತವೆ, ಡಿಸ್ಕಿನಲ್ಲಿರುವ ಮೂಲ ವೇವ್ ಫೈಲಿಗೆ ಏನೂ ಆಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿದರೆ ಅನ್‌ಡೂ ಪಟ್ಟಿಯನ್ನೂ ಪ್ರಾಜೆಕ್ಟ್ ಜೊತೆ ಉಳಿಸುತ್ತದೆ. ಮಾರನೇ ದಿನ ತೆರೆದು ಹಿಂದಿನ ದಿನ ಮಾಡಿದ್ದನ್ನು ಒಂದೊಂದಾಗಿ ಬಿಚ್ಚಿದೆ. ಸಂಕ್ರಾಂತಿಯ ನೋವು ಇನ್ನೂ ಹಸಿಯಾಗಿತ್ತಲ್ಲ, ನನಗೆ ಆ ಕ್ಷಣವೇ ಮನಸ್ಸು ನಿಂತಿತು.

ಕಷ್ಟವೂ ಇದೆ, ಅದನ್ನೂ ಹೇಳಬೇಕು. ಮೆನುಗಳು ರಾಶಿ ರಾಶಿ. ಮೊದಲ ವಾರ ತಲೆ ಚಿಟ್ಟು ಹಿಡಿಯಿತು. ವಾದ್ಯಗಳ ಧ್ವನಿ ಜೊತೆಗೆ ಹೆಚ್ಚೇನೂ ಬರುವುದಿಲ್ಲ, ಬೇಕಾದವರು ಬೇರೆ ಹುಡುಕಿಕೊಳ್ಳಬೇಕು. ಬೀಟ್, ಸಿನಿಮಾ ಸಂಗೀತ ಮಾಡುವವರಿಗೆ ಇದನ್ನೇ ಮೊದಲು ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಕಲ್ಲು ತಂದ ದಿನ

ಫೆಬ್ರವರಿ ಕೊನೆಯಲ್ಲಿ ಮತ್ತೆ ಶುರು ಮಾಡಿದೆವು. ಮಹಡಿ ರೂಮಿನ ಮೂರು ಗೋಡೆಗೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟೆ. ಅವ್ವ ಹೊಲಿದ ನಾಲ್ಕು, ಅತ್ತೆಯ ಮನೆಯಿಂದ ಎರಡು. ಹಳೆಯ ಸೀರೆಗಳ ಪದರ ಪದರ ಇರುವ ಕೌದಿ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ನೆಲಕ್ಕೆ ಹತ್ತಿ ಹಾಸಿಗೆ. ಫ್ಯಾನ್ ಬಂದ್. ಬೆಳಿಗ್ಗೆ ಆರರಿಂದ ಎಂಟರ ತನಕ ಮಾತ್ರ ಕೆಲಸ. ಆಮೇಲೆ ಬಿಸಿಲು ಏರುತ್ತದೆ, ಬೀದಿಯ ಸದ್ದೂ ಏರುತ್ತದೆ.

ಆ ಗುಂಯ್ ಸದ್ದಿನ ಮೂಲ ಗೊತ್ತಾದದ್ದು ಆಗಲೇ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತ ಕೂಡಲೇ ನಿಂತುಹೋಯಿತು. ಆ ಪ್ಲಗ್ಗಿಗೆ ಅರ್ಥಿಂಗ್ ಸರಿಯಿರಲಿಲ್ಲ, 50 ಹರ್ಟ್ಸ್ ಕರೆಂಟಿನ ಸದ್ದು ಮೈಕಿನ ದಾರಿಯಲ್ಲಿ ನುಸುಳುತ್ತಿತ್ತು. ಒಂದು ಪ್ಲಗ್ ಕಿತ್ತಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ಹದಿನೆಂಟು ನುಡಿಯ ಪದವನ್ನು ಕೆಡಿಸಿಕೊಂಡಿದ್ದೆ. ಅವತ್ತಿನಿಂದ ರೆಕಾರ್ಡಿಂಗ್ ಪೂರ್ತಿ ಬ್ಯಾಟರಿಯಲ್ಲೇ.

ಮೈಕು ಇಡುವುದಕ್ಕೆ ಸೌಂಡ್ ಸಿಸ್ಟಂನ ಹಿರಿಯರು ಹೇಳಿದ ಲೆಕ್ಕ ಸುಲಭ. ಬಾಯಿಗೂ ಮೈಕಿಗೂ ಒಂದು ಗೇಣು ಇದ್ದರೆ, ಒಂದು ಮೈಕಿಗೂ ಇನ್ನೊಂದಕ್ಕೂ ಮೂರು ಗೇಣಿಗೆ ಕಡಿಮೆ ಇರಬಾರದು. ಅತ್ತೆಗೆ ಒಂದು ಮೈಕು, ಸೊಲ್ಲಿನವರಿಬ್ಬರಿಗೆ ಸೇರಿ ಒಂದು. ಲೆವೆಲ್ ಅನ್ನು ಅತಿ ಜೋರಾದ ಕಡೆಯೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಟ್ಟೆ (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ). 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೇಲೆ ಅಷ್ಟು ಜಾಗ ಬಿಟ್ಟರೆ ನಷ್ಟವಿಲ್ಲ.

ಸೋಬಾನೆ, ತೊಟ್ಟಿಲ ಪದ ಎಲ್ಲಾ ಮೂರು ಬೆಳಿಗ್ಗೆಯಲ್ಲಿ ಮುಗಿದವು. ಬೀಸೋ ಪದ ಮಾತ್ರ ಬರಲೇ ಇಲ್ಲ. ಅತ್ತೆ ಎರಡು ಸಾಲು ಹಾಡುವುದು, ನಿಲ್ಲಿಸುವುದು. ಬಲಗೈ ಮಾತ್ರ ತೊಡೆಯ ಮೇಲೆ ಸುತ್ತುತ್ತಿತ್ತು. ನಾನು ಮಾತು ಮರೆತಿರಬೇಕು ಅಂದುಕೊಂಡೆ. ವಾರಗಿತ್ತಿ ಹೇಳಿದರು: "ಕಲ್ಲಿಲ್ದೆ ಹೆಂಗ್ ಬರ್ತೈತಪ್ಪ ಪದ? ಕೈ ತಿರುಗಿದ್ರೆ ತಾನೇ ಬಾಯಿ ತಿರುಗೋದು."

ಮಾರನೇ ವಾರ ಊರಿನಿಂದ ಬೀಸೋಕಲ್ಲು ತರಿಸಿದೆವು. ಹೊಳಲ್ಕೆರೆಯಿಂದ ಬಂದ ಟೆಂಪೊದಲ್ಲಿ ಗೋಣಿಚೀಲ ಸುತ್ತಿಕೊಂಡು ಬಂತು. ಇಬ್ಬರು ಹಿಡಿದು ಮಹಡಿಗೆ ಹತ್ತಿಸಿದೆವು. ಅತ್ತೆ ಅದರ ಗೂಟವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು, ಸಡಿಲ ಇತ್ತು. ಬಟ್ಟೆಯ ಚೂರು ಸುತ್ತಿ ಗುದ್ದಿ ಬಿಗಿ ಮಾಡಿಸಿದರು. ಒಂದು ಸೇರು ರಾಗಿ ಇಟ್ಟುಕೊಂಡರು. ಎಡಗೈಯಲ್ಲಿ ಒಂದು ಹಿಡಿ ರಾಗಿ ಹಾಕಿ, ಬಲಗೈಯಲ್ಲಿ ನಾಲ್ಕು ಸುತ್ತು ಸುಮ್ನೆ ತಿರುಗಿಸಿದರು. ಐದನೇ ಸುತ್ತಿಗೆ ಪದ ಎದ್ದಿತು. ಹನ್ನೊಂದು ನಿಮಿಷ ನಿಲ್ಲಲಿಲ್ಲ.

ನಾನು ಬಳೆಯ ಸದ್ದಿನ ಬಗ್ಗೆ ಹೆದರಿದ್ದೆ. ಗಾಜಿನ ಬಳೆ, ಎರಡೂ ಕೈಗೆ. ತೆಗೆಯಿರಿ ಅನ್ನುವ ಮಾತೇ ಇಲ್ಲ. ಹೆಡ್‌ಫೋನ್‌ನಲ್ಲಿ ಕೇಳಿದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ, ಗೂಟ ತಮ್ಮ ಕಡೆಗೆ ಬರುವಾಗ, ಬಳೆ ಒಮ್ಮೆ ಗಲ್ ಅನ್ನುತ್ತದೆ. ಕೆಳಗೆ ಕಲ್ಲಿನ ಗುಡುಗು, ಮೇಲೆ ಬಳೆ, ನಡುವೆ ದನಿ. ಹಾಡಿಗೆ ತಾಳ ಅದೇ ಆಗಿತ್ತು. ರಾಗಿ ಜಾಸ್ತಿ ಹಾಕಿದಾಗ ಕಲ್ಲು ಭಾರವಾಗಿ ಲಯ ನಿಧಾನವಾಗುತ್ತದೆ. ಹಿಟ್ಟು ಉದುರಿ ಹಗುರಾದಾಗ ಚುರುಕಾಗುತ್ತದೆ. ಹಾಡು ಅದರ ಹಿಂದೆ ಹೋಗುತ್ತದೆ.

ಅಳಿಯ ಆ ರೆಕಾರ್ಡಿಂಗ್ ತಗೊಂಡು ನಿಮಿಷಕ್ಕೆ ಇಷ್ಟು ಅಂತ ಒಂದು ವೇಗ ಕೊಟ್ಟು ಬೀಟ್ ಕೂರಿಸಲು ನೋಡಿದ. ಅರ್ಧ ನಿಮಿಷ ಸರಿಯಾಗಿ ಹೋಗುತ್ತಿತ್ತು, ಆಮೇಲೆ ಹಾಡು ಒಂದು ಕಡೆ, ಬೀಟ್ ಒಂದು ಕಡೆ. ದನಿಯನ್ನು ಎಳೆದು ಕುಗ್ಗಿಸಿ ಕೂರಿಸಲೂ ನೋಡಿದ. ಕೂತಿತು, ಆದರೆ ಬೀಸುವ ಕೈ ಹೋಯಿತು. ಅವನೇ ಹೇಳಿದ, "ಬೇಡ ಮಾವ, ಇದು ಸರಿ ಹೋಗ್ತಿಲ್ಲ." ಕಲಿಯುವ ಹುಡುಗನಿಗೆ ಆ ಕಿವಿ ಇರುವುದು ದೊಡ್ಡದು, ನನಗೆ ಹೆಮ್ಮೆಯಾಯಿತು. ಶ್ರುತಿಯ ಎಳೆ ಒಂದನ್ನು ಕೀಬೋರ್ಡಿನಲ್ಲಿ ಹಿಡಿದು ನೋಡಿದ. ಅತ್ತೆಯ ಶ್ರುತಿ ಎರಡು ಮನೆಗಳ ನಡುವೆ ಇತ್ತು, ಜೊತೆಗೆ ಏರುತ್ತಾ ಹೋಗುತ್ತಿತ್ತು. ಅದನ್ನೂ ಬಿಟ್ಟ. ಕೊನೆಗೆ ಒಂದು ದಮ್ಮಡಿ ತಂದು, ಹೆಡ್‌ಫೋನ್ ಹಾಕಿಕೊಂಡು, ಕಲ್ಲಿನ ಸದ್ದು ಕೇಳುತ್ತಾ ಕೈಯಲ್ಲೇ ಬಾರಿಸಿದ. ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಆಯಿತು. ಅದು ಕೂತಿತು.

ಲೇಟೆನ್ಸಿ, ಅಂದರೆ ಧ್ವನಿ ಕಂಪ್ಯೂಟರ್ ಒಳಗೆ ಹೋಗಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ಆಗುವ ತಡ, ಅನ್ನುವ ವಿಷಯ ಬಂದದ್ದು ಇಲ್ಲಿ ಮಾತ್ರ. ಹೆಂಗಸರು ಹೆಡ್‌ಫೋನ್ ಇಲ್ಲದೆ ಹಾಡಿದ್ದರಿಂದ ಅವರಿಗೆ ಅದರ ತೊಂದರೆ ಇರಲಿಲ್ಲ. ಅಳಿಯನಿಗೆ ಇಂಟರ್‌ಫೇಸಿನ ತಡ ಕಡಿಮೆ ಮಾಡುವ ಆಸಿಯೊ ಡ್ರೈವರ್ ಹಾಕಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಧ್ವನಿಯ ಪ್ರಮಾಣ) 256 ಸ್ಯಾಂಪಲ್‌ಗೆ ಇಳಿಸಿದೆ. 48 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ಕಡೆಗೆ ಐದು ಮಿಲಿಸೆಕೆಂಡಿಗೆ ಸ್ವಲ್ಪ ಜಾಸ್ತಿ, ಕೈಗೆ ಗೊತ್ತಾಗುವುದಿಲ್ಲ. 1024ಕ್ಕೆ ಇಟ್ಟಾಗ 21 ಮಿಲಿಸೆಕೆಂಡ್ ಆಗುತ್ತಿತ್ತು. ಬಾರಿಸಿದ ಪೆಟ್ಟು ಹಿಂದೆ ಬಿದ್ದ ಹಾಗೆ ಅನ್ನಿಸುತ್ತಿತ್ತು.

ಹಿಂದಕ್ಕೆ ಹೋದದ್ದು

ಮಿಕ್ಸಿಂಗ್ ಮಾಡುವಾಗ ಮತ್ತೆ ಸಂಕ್ರಾಂತಿಯ ತಪ್ಪೇ ಆಗುವುದರಲ್ಲಿತ್ತು. ದನಿ ಶುದ್ಧವಾಗಬೇಕಾದರೆ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿ ಅಂತ ಎಲ್ಲಾ ಪಾಠದಲ್ಲೂ ಹೇಳುತ್ತಾರೆ. ಹದಿನಾಲ್ಕು ಪದಕ್ಕೂ ರೀಪರ್‌ನ ಈಕ್ಯೂನಲ್ಲಿ (ದಪ್ಪ, ಸಣ್ಣ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಗೇ ಮಾಡಿದೆ. ಸೋಬಾನೆಗೆ ಬಹಳ ಚೆನ್ನಾಗಿ ಆಯಿತು. ನಾಲ್ಕು ದಿನ ಬಿಟ್ಟು ಬೀಸೋ ಪದ ಕೇಳಿದರೆ ಏನೋ ಕಳೆದುಹೋದ ಹಾಗಿದೆ. ಯಾರೋ ಮರದ ಹಲಗೆ ಉಜ್ಜುತ್ತಿದ್ದಾರೆ ಅನ್ನಿಸುತ್ತದೆ. ಕಲ್ಲಿನ ಗುಡುಗು ಇದ್ದದ್ದೇ ಆ ಕೆಳಗಿನ ಪಟ್ಟಿಯಲ್ಲಿ.

ಈಕ್ಯೂ ಪಕ್ಕದ ಟಿಕ್ ತೆಗೆದೆ. ಕಲ್ಲು ವಾಪಸ್ ಬಂತು. ಅಷ್ಟೇ ಕೆಲಸ, ಒಂದು ಸೆಕೆಂಡು. ಆಮೇಲೆ ಕತ್ತರಿಸುವ ಜಾಗವನ್ನು 40ಕ್ಕೆ ಇಳಿಸಿ ಇಟ್ಟೆ. ರೂಮಿನ ಸಣ್ಣ ಸದ್ದಿಗೆ ರೀಪರ್ ಜೊತೆಗೇ ಬರುವ ರಿಯಾಫರ್ (ReaFIR) ಅನ್ನುವ ಪ್ಲಗಿನ್‌ನಲ್ಲಿ ಸ್ವಲ್ಪವೇ ಕಳೆದೆ. ಸಾಲಿನ ಕೊನೆಯಲ್ಲಿ ದನಿ ಬಿಡುವ ಕಡೆ ಹೆಡ್‌ಫೋನ್ ಹಾಕಿ ಹತ್ತು ಸಲ ಕೇಳಿದೆ. ಶ್ರುತಿ ತಿದ್ದುವ ಪ್ಲಗಿನ್ ಮುಟ್ಟಲೇ ಇಲ್ಲ. ಯೂಟ್ಯೂಬ್ ಹಾಡಿನ ಜೋರನ್ನು ಮೈನಸ್ 14 ಲಫ್ಸ್ (LUFS, ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತಮುತ್ತ ಇಳಿಸಿ ಸಮ ಮಾಡುತ್ತದೆ. ಹಾಗಾಗಿ ಹಿಂಡಿ ಜೋರು ಮಾಡುವುದರಲ್ಲಿ ಲಾಭವೂ ಇರಲಿಲ್ಲ, ಮನಸ್ಸೂ ಬರಲಿಲ್ಲ.

ಖರ್ಚು ಮತ್ತು ಕಾಪಿಡುವುದು

ರೀಪರ್ ಲೈಸೆನ್ಸ್‌ಗೆ ನಮ್ಮ ಲೆಕ್ಕದಲ್ಲಿ ಐದು ಸಾವಿರದ ಆಚೀಚೆ ಆಯಿತು. ಈಗಿನ 7ನೇ ಆವೃತ್ತಿಗೆ ಕೊಟ್ಟ ದುಡ್ಡು 8.99ರ ತನಕ ನಡೆಯುತ್ತದೆ. ಕಟ್ಟುವ ಮುಂಚೆ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ದುಡ್ಡು ಹೋಗುವುದಿಲ್ಲ, ನನಗೆ ಎರಡು ಸಲ ಹಾಗಾಯಿತು. 60 ದಿನ ಆದ ಮೇಲೂ ಅದು ತೆರೆಯುತ್ತದೆ, ಸುಮ್ನೆ ಒಂದು ನೆನಪಿನ ಪುಟ ಮೊದಲು ತೋರಿಸುತ್ತದೆ. ಆದರೂ ಐವತ್ತನೇ ದಿನಕ್ಕೇ ದುಡ್ಡು ಕಟ್ಟಿದೆ. ಅವರು ನಂಬಿ ಕೊಟ್ಟಿದ್ದಾರೆ, ಕಟ್ಟುವುದು ಧರ್ಮ.

ಜಾಗದ ಲೆಕ್ಕ ಹೀಗೆ: 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ. ಎರಡು ಮೈಕು ಒಂದು ಗಂಟೆ ಓಡಿದರೆ ಒಂದು ಜಿಬಿ. ನಮ್ಮದು ಎಲ್ಲಾ ಸೇರಿ 9 ಜಿಬಿ ಆಯಿತು. ಈಗ ಪ್ರತಿ ಬೆಳಿಗ್ಗೆಯ ಕೆಲಸ ಮುಗಿದ ಕೂಡಲೇ, ಹೆಡ್‌ಫೋನ್ ಹಾಕುವುದಕ್ಕೂ ಮುಂಚೆ, ಮೂಲ ಫೈಲುಗಳು ಎರಡು ಕಡೆ ಹೋಗುತ್ತವೆ. ಒಂದು ನಮ್ಮ ಹಾರ್ಡ್‌ಡಿಸ್ಕ್, ಇನ್ನೊಂದು ಅಕ್ಕನ ಮನೆಯಲ್ಲಿರುವ ಪೆನ್‌ಡ್ರೈವ್. ಪ್ರತಿ ಪದವನ್ನೂ ಶುರುವಿನಿಂದ ಕೊನೆಯ ತನಕ ಟ್ರ್ಯಾಕ್ ಟ್ರ್ಯಾಕಾಗಿ ವೇವ್ ಮಾಡಿಯೂ ಇಟ್ಟಿದ್ದೇನೆ. ರೀಪರ್ ಇಲ್ಲದ ಕಾಲ ಬಂದರೂ ಯಾವ ಸಾಫ್ಟ್‌ವೇರ್‌ನಲ್ಲಾದರೂ ಅವನ್ನು ಒಂದರ ಕೆಳಗೆ ಒಂದು ಇಟ್ಟರೆ ಹಾಡು ಬರುತ್ತದೆ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಪದದ ಮಾತು, ಯಾರು ಹಾಡಿದ್ದು, ಯಾವ ದಿನ, ಯಾವ ಶುಭಕಾರ್ಯದ ಪದ ಅಂತ ಬರೆದಿದ್ದೇವೆ. ಚಳ್ಳಕೆರೆ ಕಡೆಯ ಸಿರಿಯಜ್ಜಿಯ ಹಾಡುಗಳು ನಮಗೆ ಉಳಿದದ್ದು ಹೀಗೆ ಯಾರೋ ಕೂತು ಕೇಳಿ ದಾಖಲು ಮಾಡಿದ್ದರಿಂದ ಅಲ್ವಾ. ನಮ್ಮ ಮನೆ ಮಟ್ಟಿಗೆ ಅಷ್ಟಾದರೂ ಆಗಲಿ ಅನ್ನುವುದು ಆಸೆ.

ಆಡಾಸಿಟಿಯನ್ನು ನಾನು ಬಿಟ್ಟಿಲ್ಲ. ಒಂದೇ ಮೈಕಿನ ಮಾತು, ಶಾಲೆಯ ಪದ್ಯ, ಸಣ್ಣ ಕತ್ತರಿ ಕೆಲಸಕ್ಕೆ ಈಗಲೂ ಅದೇ. ಮೊದಲು ಮೂಲದ ಪ್ರತಿ ಇಟ್ಟು ಆಮೇಲೆ ಕೈ ಹಾಕುತ್ತೇನೆ.

ಯುಗಾದಿಗೆ ಹದಿನಾಲ್ಕು ಪದವನ್ನೂ ಪೆನ್‌ಡ್ರೈವ್‌ಗೆ ಹಾಕಿ ನೆಂಟರಿಗೆಲ್ಲ ಕೊಟ್ಟೆವು. ಅತ್ತೆಗೆ ಟಿವಿಯಲ್ಲಿ ಹಾಕಿ ಕೇಳಿಸಿದೆ. ಬೀಸೋ ಪದ ಬಂದಾಗ ಅವರ ಕೈ ಮತ್ತೆ ತೊಡೆಯ ಮೇಲೆ ಸುತ್ತಲು ಶುರುವಾಯಿತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರನೇ ನುಡಿ ಆದ್ಮ್ಯಾಲೆ ಎಲ್ಲಮ್ಮನ ಮ್ಯಾಲೆ ಎರಡು ನುಡಿ ಬಿಟ್ಟೀನಪ್ಪ, ಈಗ ನೆಪ್ಪಾತು" ಅಂದರು. ಅವತ್ತು ಸಂಜೆಯೇ ಆ ಪ್ರಾಜೆಕ್ಟ್ ತೆರೆದು ಆರನೇ ನುಡಿಯ ಹತ್ತಿರ ಗುರುತು ಹಾಕಿದ್ದೇನೆ. ಕಲ್ಲು ಮಹಡಿಯಲ್ಲೇ ಇದೆ. ಅಕ್ಕ ರಾಗಿ ಹಸನು ಮಾಡಿ ಇಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೂವರೂ ಬರುತ್ತಾರೆ.